ಟ್ವಿಲ್ ವಿನ್ಯಾಸದ ಎರಡು ಅಂಚುಗಳನ್ನು ಸರಿಸಮ ಮಾಡುವ ಲೆಕ್ಕ: ನನ್ನ ಅನುಭವ

ಚಿಕ್ಕಮಗಳೂರಿನ ಚಳಿಗೆ ಒದಗುವಂಥ ಉಣ್ಣೆ ಶಾಲುಗಳನ್ನು ನಾನು ನಾಲ್ಕು ಶಾಫ್ಟಿನ (ಎಳೆಗಳನ್ನು ಮೇಲೆತ್ತುವ ಚೌಕಟ್ಟು) ಕೈಮಗ್ಗದಲ್ಲಿ ಟ್ವಿಲ್, ಅಂದರೆ ಓರೆಗೆರೆ ಮೂಡುವ ನೇಯ್ಗೆಯಲ್ಲಿ ನೇಯುತ್ತೇನೆ. ಶಾಲನ್ನು ಉದ್ದಕ್ಕೆ ಮಡಿಸಿದಾಗ ಎರಡು ಅಂಚುಗಳೂ ಒಂದರ ಮೇಲೊಂದು ಕೂರುವುದರಿಂದ, ವಿನ್ಯಾಸವು ಒಂದು ಕಡೆ ಪೂರ್ಣವಾಗಿ ಇನ್ನೊಂದು ಕಡೆ ಅರ್ಧಕ್ಕೇ ನಿಂತಿದ್ದರೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಎಳೆ ಪೋಣಿಸುವ ಕ್ರಮವನ್ನು ಹಾಸು (ಉದ್ದದ ಎಳೆಗಳು) ಸುತ್ತುವ ಮೊದಲೇ ಕಾಗದದ ಮೇಲೆ ತೀರ್ಮಾನಿಸಿಕೊಳ್ಳುತ್ತೇನೆ.

ಈಗ ಮಗ್ಗದ ಮೇಲಿರುವ ಶಾಲಿನ ಅಗಲ 22 ಇಂಚು. ಇಂಚಿಗೆ 20 ಎಳೆಯಂತೆ ಒಟ್ಟು 440. ಶಾಫ್ಟಿನ ಸಂಖ್ಯೆಗಳಲ್ಲಿ ಹೇಳುವುದಾದರೆ ಕ್ರಮವು 1-2-3-4-1-2-3-4 ಎಂದು ಏರಿ 3-2-1-4-3-2 ಎಂದು ಇಳಿಯುತ್ತದೆ, ಅಂದರೆ ಒಂದು ಸುತ್ತಿಗೆ 14 ಎಳೆ. ಇಂಥ 31 ಸುತ್ತುಗಳಿಗೆ 434 ಎಳೆ ಬೇಕು; ಆದರೆ ಅಲ್ಲಿಗೇ ನಿಲ್ಲಿಸಿದರೆ 1ರಲ್ಲಿ ಆರಂಭವಾದ ವಿನ್ಯಾಸ 2ರಲ್ಲಿ ಮುಗಿಯುತ್ತದೆ. ಕೊನೆಯಲ್ಲಿ ಇನ್ನೊಂದು 1 ಸೇರಿಸಿದಾಗಲೇ ಅದು ಸರಿಹೋಗುತ್ತದೆ. ಉಳಿದ 5 ಎಳೆಗಳನ್ನು ಎರಡು ಸಮಪಾಲು ಮಾಡಲಾಗದ ಕಾರಣ ಒಂದನ್ನು ಬಿಟ್ಟು, ಮೊದಲಿಗೆ 3-2, ಕೊನೆಗೆ 2-3 ಎಂದು ಹಂಚಿದ್ದೇನೆ. ಒಟ್ಟು 439. ಮೊನೆಯಲ್ಲಿ, ಅಂದರೆ ಏರಿಕೆ ಇಳಿಕೆಗಳು ಕೂಡುವಲ್ಲಿ, ಒಂದೇ ಎಳೆಯಿಂದ ತಿರುಗುವ ವಿನ್ಯಾಸದಲ್ಲಿ ನಟ್ಟನಡುವಿನ ಎಳೆಗೆ ಜೋಡಿ ಇರುವುದಿಲ್ಲವಾದ್ದರಿಂದ ಮೊತ್ತ ಬೆಸಸಂಖ್ಯೆಯೇ ಆಗಬೇಕು. ನನಗೆ ಇದೇ ಅತ್ಯಂತ ನಂಬಿಕೆಯ ತಾಳೆ.

ಹೀಲ್ಡ್‌ಗಳು, ಅಂದರೆ ಎಳೆ ಪೋಣಿಸಲು ಶಾಫ್ಟಿನಲ್ಲಿರುವ ಕಣ್ಣುಳ್ಳ ಕೊಂಡಿಗಳು, ನಾಲ್ಕು ಶಾಫ್ಟಿಗೂ ಒಂದೇ ಸಮ ಬೇಕಾಗುವುದಿಲ್ಲ. ಈ ಶಾಲಿಗೆ ಕ್ರಮವಾಗಿ 94, 126, 126 ಮತ್ತು 93 ಬೇಕು.

ಬೆಸ ಶಾಫ್ಟಿನ ಪಕ್ಕ ಸಮ ಶಾಫ್ಟೇ ಬರಬೇಕೆಂಬ ನಿಯಮವನ್ನು ನಾನು ಸಡಿಲಿಸುವುದಿಲ್ಲ. ಅದು ಉಳಿದರೆ 1 ಮತ್ತು 3ನ್ನು ಒಮ್ಮೆ, 2 ಮತ್ತು 4ನ್ನು ಇನ್ನೊಮ್ಮೆ ಎತ್ತಿ ಶಾಲಿನ ತುದಿಗಳಲ್ಲಿ ಸಾದಾ ನೇಯ್ಗೆ ಹಾಕಬಹುದು. 1-2-3-4-2-1-4-3 ಎಂಬ, ಮೀನಿನ ಮುಳ್ಳಿನಂತೆ ಕಾಣುವ ಹೆರಿಂಗ್‌ಬೋನ್ ಕ್ರಮದಲ್ಲಿ 4ರ ಪಕ್ಕ 2 ಬರುವುದರಿಂದ ಆ ಅನುಕೂಲ ತಪ್ಪುತ್ತದೆ. ಆದರೆ ನನ್ನ ಮೊನೆಯ ಕ್ರಮದಲ್ಲಿ ತಿರುವಿನ ಬಳಿ ಹೊಕ್ಕು (ಅಡ್ಡ ಎಳೆ) ಮೂರು ಎಳೆಗಳನ್ನು ದಾಟುತ್ತದೆ. ಶಾಲಿಗೆ ಅದರಿಂದ ತೊಂದರೆಯಿಲ್ಲ.

ಮಳೆಗಾಲದ ಮಬ್ಬಿನಲ್ಲಿ 2 ಮತ್ತು 3ನೇ ಶಾಫ್ಟಿನ ಕಣ್ಣುಗಳು ಬೆರೆತಂತೆ ಕಾಣುವುದರಿಂದ, 14 ಎಳೆಗೊಮ್ಮೆ ಜಾರುಗಂಟು ಹಾಕಿ, ಗೊಂಚಲಿನ ಕೊನೆಯ ಎಳೆ 2ನೇ ಶಾಫ್ಟಿನಲ್ಲೇ ಇದೆಯೇ ಎಂದು ಬೆರಳಿನಿಂದ ಬಿಡಿಸಿ ನೋಡುತ್ತೇನೆ. ಟ್ವಿಲ್‌ನಲ್ಲಿ ಅಂಚಿನ ಎಳೆಯನ್ನು ಹೊಕ್ಕು ಪ್ರತಿ ಸಲವೂ ಹಿಡಿಯುವುದಿಲ್ಲವಾದ್ದರಿಂದ, ಹೀಲ್ಡಿಗೆ ಪೋಣಿಸದೆ ಹಣಿಗೆಯಲ್ಲಿ (ಎಳೆಗಳನ್ನು ಬಿಡಿಬಿಡಿಯಾಗಿ ಇಡುವ ಬಾಚಣಿಗೆ) ಮಾತ್ರ ಹಾಯಿಸಿದ ಒಂದೊಂದು ಎಳೆಯನ್ನು ಎರಡೂ ಬದಿಗೆ ಸೇರಿಸುತ್ತೇನೆ. ಲಾಳಿ ಒಳಹೋಗುವಾಗ ಆ ಎಳೆಯ ಮೇಲಿನಿಂದ ಹೋಗಿ, ಹೊರಬರುವಾಗ ಆಚೆಬದಿಯ ಎಳೆಯ ಕೆಳಗಿನಿಂದ ಬರಬೇಕು. ಹಾಗಾಗಿ ಹಾಸು ಸುತ್ತುವುದು 441 ಎಳೆಗಳಿಗೆ.