ಕರಿದ ಎಣ್ಣೆಯಲ್ಲಿ ವಾಸನೆ ಇಲ್ಲದ ಬಟ್ಟೆ ಸೋಪು: ನನ್ನ ಅನುಭವ

ಕರಿದು ಉಳಿದ ಎಣ್ಣೆಯಲ್ಲಿ ಸೋಪು ಮಾಡ್ತೀನಿ ಅಂದಾಗ ಸೋಪು ಮಾಡುವ ಗೆಳೆಯರೆಲ್ಲ ಒಂದೇ ಮಾತು ಹೇಳಿದರು. "ವಾಸನೆ ಹೋಗಲ್ಲ. ಕಾಸ್ಟಿಕ್ ದಂಡ." ಕಾಸ್ಟಿಕ್ ಅಂದ್ರೆ ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾ. ಅವರಲ್ಲಿ ಒಬ್ಬರು ನನಗೆ ಕೋಲ್ಡ್ ಪ್ರೋಸೆಸ್, ಅಂದ್ರೆ ಒಲೆ ಮೇಲೆ ಬೇಯಿಸದೆ ಸೋಪು ಮಾಡುವುದನ್ನು ಕಲಿಸಿದವರು. ಅವರ ಮಾತು ತಳ್ಳಿಹಾಕುವುದು ಸುಲಭ ಆಗಿರಲಿಲ್ಲ. ಆದರೂ ಬಿಡಲಿಲ್ಲ. ಎರಡು ವರ್ಷ ಹಿಡಿಯಿತು, ಹದಿನೇಳೋ ಹದಿನೆಂಟೋ ಬ್ಯಾಚ್ ಆಯಿತು. ಹೋದ ತಿಂಗಳು ಅವರ ಕೈಗೆ ಒಂದು ಬಿಲ್ಲೆ ಕೊಟ್ಟೆ. ಎರಡು ಸಲ ಮೂಸಿ ನೋಡಿ, "ಯಾವ ಎಣ್ಣೆ ಇದು?" ಅಂತ ಕೇಳಿದರು. ಅದರಲ್ಲಿ ಒಂದು ಹನಿ ಪರಿಮಳವನ್ನೂ ಹಾಕಿರಲಿಲ್ಲ. ಅವತ್ತೇ ಇದನ್ನು ಬರೆಯಬೇಕು ಅನಿಸಿತು.

ಇದು ಬಟ್ಟೆಗೆ, ಪಾತ್ರೆಗೆ ಮಾಡುವ ಸೋಪು. ಮೈಗೆ ಹಚ್ಚುವುದಕ್ಕಲ್ಲ. ಲೈ (ಕಾಸ್ಟಿಕ್ ನೀರು) ಕಲಸುವುದು, ಕನ್ನಡಕ, ಕೈಗವಸು, ಟ್ರೇಸ್ (ಎಣ್ಣೆ, ಲೈ ಬೆರೆತು ದಪ್ಪಗಾಗುವ ಹದ) ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ, ಅದನ್ನು ಮತ್ತೆ ಬರೆಯಲ್ಲ.

ಮೊದಲು ಹಾಳಾದ ಕಥೆ ಹೇಳ್ತೀನಿ. ಮೊದಲ ಬ್ಯಾಚಿನಲ್ಲಿ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ, ನೂರಕ್ಕೆ ಮೂವತ್ತು ಪಾಲು ಕೊಬ್ಬರಿ ಎಣ್ಣೆ ಸೇರಿಸಿ, ಅಭ್ಯಾಸಬಲದಿಂದ ಐದು ಪರ್ಸೆಂಟ್ ಎಣ್ಣೆ ಸೋಪಾಗದೆ ಉಳಿಯುವ ಹಾಗೆ ಸೂಪರ್‌ಫ್ಯಾಟ್ ಇಟ್ಟು, ಮಾಮೂಲಿ ಕೋಲ್ಡ್ ಪ್ರೋಸೆಸ್ ಮಾಡಿದೆ. ಟ್ರೇಸ್ ಬೇಗ ಬಂತು. ಹಳೆ ಎಣ್ಣೆಯಲ್ಲಿ ಒಡೆದ ಕೊಬ್ಬು ಮೊದಲೇ ಇರುತ್ತದೆ, ಅದು ಕಾಸ್ಟಿಕ್ ಕಂಡ ತಕ್ಷಣ ಹಿಡಿದುಕೊಳ್ಳುತ್ತದೆ. ಬಿಲ್ಲೆ ನೋಡುವುದಕ್ಕೆ ಚೆನ್ನಾಗಿಯೇ ಬಂತು. ಮೂರನೇ ವಾರಕ್ಕೆ ಕಿತ್ತಳೆ ಚುಕ್ಕೆ ಶುರು. ಎರಡು ತಿಂಗಳಿಗೆ ಬಿಲ್ಲೆಯ ಮೈಯೆಲ್ಲ ಅಂಟು, ಕಮಟು ವಾಸನೆ. ಆ ಸೋಪಿನಲ್ಲಿ ಒಗೆದ ಟವೆಲ್ ಒಣಗಿದ ಮೇಲೂ ಅಡುಗೆಮನೆ ವಾಸನೆ ಹೊಡೆಯುತ್ತಿತ್ತು.

ಆಗ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ಪರಿಮಳ ಜಾಸ್ತಿ ಹಾಕಿದೆ. ಎಣ್ಣೆಯ ತೂಕಕ್ಕೆ ಮೂರು ಪರ್ಸೆಂಟ್ ನಿಂಬೆ ಎಣ್ಣೆ ಹಾಕಿದರೆ ತಿಂಗಳೊಳಗೆ ಹಾರಿಹೋಯಿತು. ಸಿಟ್ರೊನೆಲ್ಲಾ ಸ್ವಲ್ಪ ಜಾಸ್ತಿ ದಿನ ನಿಂತಿತು. ಆದರೆ ಅದು ಇಳಿದ ಮೇಲೆ ಕೆಳಗಿದ್ದ ಕಮಟು ಹಾಗೇ ಎದ್ದು ಬಂತು. ಎರಡೂ ಸೇರಿ ಮೊದಲಿಗಿಂತ ಕೆಟ್ಟದಾಗಿತ್ತು. ಮೊದಲ ವರ್ಷ ನಾನು ಹಾಕಿದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಪರಿಮಳದ ಬಾಟಲಿಗಳಿಗೇ ಹೋಯಿತು. ಎಣ್ಣೆ ಬಿಟ್ಟಿ ಸಿಕ್ಕಿದ್ದು, ಅದರ ವಾಸನೆ ಮುಚ್ಚುವುದಕ್ಕೆ ಮಾತ್ರ ಹೊಸ ಎಣ್ಣೆಗಿಂತ ಜಾಸ್ತಿ ಖರ್ಚು. ಅದನ್ನು ಲೆಕ್ಕದ ಪುಸ್ತಕದಲ್ಲಿ ನೋಡಿದ ದಿನ ಆ ರಾತ್ರಿ ನಿದ್ದೆ ಬರಲಿಲ್ಲ. ಆರು ಬ್ಯಾಚ್, ಹತ್ತಿರ ಹತ್ತಿರ ಇಪ್ಪತ್ತು ಕೆಜಿ ಸೋಪು ಹಾಳಾಗಿತ್ತು.

ಆಮೇಲೆ ಎಣ್ಣೆ ತೊಳೆಯುವ ಪ್ರಯೋಗ. ಒಂದು ಪಾಲು ಎಣ್ಣೆಗೆ ಒಂದು ಪಾಲು ಉಪ್ಪುನೀರು ಹಾಕಿ ಕುದಿಸಿ, ತಣ್ಣಗಾದ ಮೇಲೆ ನೀರು ಬೇರೆ ಮಾಡುವುದು. ಇದರಿಂದ ಚೂರುಪಾರು, ಸುಟ್ಟ ಹಿಟ್ಟು, ಒಂದಿಷ್ಟು ವಾಸನೆ ಹೋಗುತ್ತದೆ. ಎರಡು ಸಲ ಮಾಡಿದರೆ ಇನ್ನೂ ಒಳ್ಳೆಯದು. ಈಗಲೂ ಮಾಡುತ್ತೇನೆ. ಆ ಕುದಿಯುವ ನೀರಿಗೆ ಉಪ್ಪಿನ ಜೊತೆ ಇನ್ನೊಂದು ವಸ್ತು ಹಾಕುತ್ತೇನೆ. ಅದು ಏನು ಅಂತ ಇಲ್ಲಿ ಹೇಳಲ್ಲ. ಅಡುಗೆಮನೆಯಲ್ಲೇ ಸಿಗುವುದು, ಹುಡುಕಿದರೆ ನಿಮಗೂ ಹೊಳೆಯುತ್ತದೆ.

ಜೋಳದ ಪಿಷ್ಟದ ಪ್ರಯೋಗವೂ ಮಾಡಿದೆ. ಪಿಷ್ಟವನ್ನು ನೀರಲ್ಲಿ ಕಲಸಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ತಿರುಗಿಸಿದರೆ ಪಿಷ್ಟ ಗಟ್ಟಿಯಾಗುತ್ತಾ ಕಪ್ಪು ಚೂರನ್ನೆಲ್ಲ ಹಿಡಿದುಕೊಂಡು ಮುದ್ದೆಯಾಗುತ್ತದೆ. ನೋಡುವುದಕ್ಕೆ ಬಲು ಚೆಂದ. ಎಣ್ಣೆ ಕನ್ನಡಿ ಹಾಗೆ ತಿಳಿಯಾಗುತ್ತದೆ. ಆದರೆ ವಾಸನೆ ಅಲ್ಲೇ ಇರುತ್ತದೆ! ಚೂರು ಬೇರೆ, ವಾಸನೆ ಬೇರೆ ಅಂತ ನನಗೆ ಅರ್ಥವಾಗಿದ್ದು ಅವತ್ತು. ಇದ್ದಿಲ ಪುಡಿ ಹಾಕಿದ್ದಂತೂ ಸೋಸುವುದಕ್ಕೇ ನಾಲ್ಕು ದಿನ ಹಿಡಿಯಿತು, ಕೊನೆಗೆ ಬೂದು ಬಣ್ಣದ ಸೋಪು ಬಂತು. ಆ ದಾರಿ ಬಿಟ್ಟೆ.

ದಾರಿ ತೋರಿಸಿದ್ದು ಹಳೆ ಕಾಲದ ಸೋಪು ಕಾರ್ಖಾನೆಗಳ ಕೆಲಸ. ಅವರು ಕೊಳಕು ಕೊಬ್ಬನ್ನು ಮೊದಲು ಸೋಪು ಮಾಡಿ, ಆಮೇಲೆ ಆ ಸೋಪನ್ನೇ ತೊಳೆಯುತ್ತಿದ್ದರು. ಕುದಿಯುವ ಸೋಪಿಗೆ ಉಪ್ಪು ಹಾಕಿ ಒಡೆಸುವುದು. ನಮ್ಮಲ್ಲಿ ಮನೆಯಲ್ಲಿ ಸೋಪು ಮಾಡುವವರು ಇದನ್ನು ಮಾಡುವುದು ಕಡಿಮೆ, ಯಾಕಂದ್ರೆ ಚರ್ಮಕ್ಕೆ ಹಿತವಾದ ಗ್ಲಿಸರಿನ್ ಉಪ್ಪುನೀರಿನ ಜೊತೆ ಹೋಗಿಬಿಡುತ್ತದೆ. ಗೆಳೆಯರು ಈ ಉಪ್ಪಿನ ದಾರಿ ಬೇಡ ಅಂದಿದ್ದಕ್ಕೂ ಅದೇ ಕಾರಣ. ಬಟ್ಟೆ ಸೋಪಿಗೆ ಗ್ಲಿಸರಿನ್ ಯಾಕೆ ಬೇಕು? ಹೋದರೆ ಹೋಗಲಿ. ಅದರ ಜೊತೆ ಬಣ್ಣ ಹೋಗುತ್ತದೆ, ಕಮಟಿಗೆ ಕಾರಣವಾದ ಕೆಟ್ಟ ಆಮ್ಲಗಳ ಸೋಪೂ ಉಪ್ಪುನೀರಲ್ಲೇ ಕರಗಿ ಹೋಗುತ್ತದೆ. ಒಳ್ಳೆ ಸೋಪು ಮೇಲೆ ತೇಲುತ್ತದೆ. ಇದೊಂದನ್ನು ಮೊದಲೇ ಮಾಡಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಮೊದಲ ಸಲ ಉಪ್ಪು ಹಾಕಿದಾಗ ಅದೂ ಕೆಟ್ಟಿತು. ಕೊಬ್ಬರಿ ಎಣ್ಣೆಯನ್ನು ಮೊದಲೇ ಬೆರೆಸಿಬಿಟ್ಟಿದ್ದೆ. ಕೊಬ್ಬರಿ ಎಣ್ಣೆ ಸೋಪು ಉಪ್ಪುನೀರಿಗೆ ಜಗ್ಗಲ್ಲ, ಸಮುದ್ರದ ನೀರಲ್ಲೂ ನೊರೆ ಕೊಡುವ ಜಾತಿ ಅದು. ಉಪ್ಪು ಸುರಿದೆ, ಸುರಿದೆ, ಅರ್ಧ ಒಡೆಯಿತು, ಅರ್ಧ ಗಂಜಿ ಹಾಗೆ ನಿಂತಿತು. ಹೇಗೋ ಸೋಸಿ ಅಚ್ಚಿಗೆ ಹಾಕಿದರೆ ಬಿಲ್ಲೆಯೊಳಗೆ ಉಪ್ಪೇ ಜಾಸ್ತಿ. ಕತ್ತರಿಸುವಾಗ ಪುಡಿಪುಡಿ. ನೊರೆ ಇಲ್ಲ. ಮತ್ತೆ ಮೂರು ಕೆಜಿ ದಂಡ.

ಈಗ ಮಾಡುವ ಕ್ರಮ ಹೀಗಿದೆ. ಅಂಕಿಗಳನ್ನು ನೆನಪಿನಿಂದ ಹೇಳುತ್ತಿದ್ದೇನೆ, ನಿಮ್ಮ ಎಣ್ಣೆಗೆ ನೀವೇ ಲೆಕ್ಕ ಹಾಕಿಕೊಳ್ಳಿ.

ತೊಳೆದ ಕರಿದ ಎಣ್ಣೆ ಒಂದು ಕೆಜಿ. ಸೂರ್ಯಕಾಂತಿ ಎಣ್ಣೆಗೆ ಕಾಸ್ಟಿಕ್ ಸುಮಾರು 135 ಗ್ರಾಂ ಬೇಕು. ನಾನು 142ರವರೆಗೆ ಹಾಕುತ್ತೇನೆ. ಸೂಪರ್‌ಫ್ಯಾಟ್ ಇಲ್ಲ, ಉಲ್ಟಾ ಕಾಸ್ಟಿಕ್ಕೇ ಸ್ವಲ್ಪ ಜಾಸ್ತಿ. ಹೆದರಬೇಡಿ, ಜಾಸ್ತಿಯಾದದ್ದು ಉಪ್ಪುನೀರಿನ ಜೊತೆ ಇಳಿದು ಹೋಗುತ್ತದೆ. ಎಣ್ಣೆ ಒಂದು ಚೂರೂ ಬಾಕಿ ಉಳಿಯಬಾರದು, ಅದೇ ಮುಖ್ಯ. ಪಾತ್ರೆ ಸ್ಟೀಲಿನದು, ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತುಂಬಬಾರದು. ಹಾಟ್ ಪ್ರೋಸೆಸ್‌ನಲ್ಲಿ ಒಲೆ ಮೇಲೆ ಬೇಯುವಾಗ ಸೋಪು ಉಕ್ಕುವುದು ಗೊತ್ತಲ್ವಾ, ಹಳೆ ಎಣ್ಣೆ ಇನ್ನೂ ಜೋರಾಗಿ ಉಕ್ಕುತ್ತದೆ. ಬೆಂದು ವ್ಯಾಸಲೀನ್ ಹದಕ್ಕೆ ಬಂದ ಮೇಲೆ ಎರಡು ಲೀಟರ್ ಬಿಸಿನೀರು ಹಾಕಿ ಕರಗಿಸುತ್ತೇನೆ. ಕಂದು ಬಣ್ಣದ ಲೋಳೆಯಾಗುತ್ತದೆ. ಕುದಿ ಹತ್ತಿದಾಗ ಉಪ್ಪು. ಎಣ್ಣೆಯ ಕಾಲು ಭಾಗ, ಅಂದ್ರೆ 250 ಗ್ರಾಂ ಹತ್ತಿರ, ಹಿಡಿಹಿಡಿಯಾಗಿ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮೊದಲ ಎರಡು ಹಿಡಿಗೆ ಏನೂ ಆಗಲ್ಲ. ಮೂರನೆಯದಕ್ಕೆ ಲೋಳೆ ಇನ್ನೂ ದಪ್ಪವಾಗಿ, ಸೌಟು ತಿರುಗಿಸುವುದಕ್ಕೇ ಕಷ್ಟವಾಗುತ್ತದೆ. ಕೆಟ್ಟಿತು ಅನಿಸುತ್ತದೆ. ಆದರೆ ನಿಲ್ಲಿಸಬಾರದು. ಇನ್ನೊಂದು ಹಿಡಿ ಬಿದ್ದಾಗ ಹಾಲು ಒಡೆದ ಹಾಗೆ ಕಾಳುಕಾಳಾಗಿ ಬಿಡುತ್ತದೆ. ಸೌಟನ್ನು ಓರೆ ಮಾಡಿ ಎತ್ತಿದರೆ ಸೋಪಿನ ಕಾಳು ಸೌಟಿನಲ್ಲಿ ನಿಲ್ಲಬೇಕು, ಅಂಚಿನಿಂದ ಇಳಿಯುವ ನೀರು ತೆಳ್ಳಗೆ, ಅಂಟಿಲ್ಲದೆ ಇಳಿಯಬೇಕು. ಆ ನೀರು ದಾರದ ಹಾಗೆ ಎಳೆದರೆ ಉಪ್ಪು ಸಾಲದು ಅಂತ ಅರ್ಥ. ಇದೊಂದು ಗುರುತು ಕೈಗೆ ಸಿಕ್ಕಿದ ಮೇಲೆ ಅಳತೆಯ ಚಿಂತೆ ಹೋಯಿತು.

ಶುರುವಿನಲ್ಲಿ ಒಡೆದ ಕೂಡಲೇ ಜಾಲರಿಯಲ್ಲಿ ಸೋಸುತ್ತಿದ್ದೆ. ಕಾಳಿನ ಮಧ್ಯೆ ಕೊಳಕು ನೀರು ಉಳಿದುಬಿಡುತ್ತಿತ್ತು. ಕುದಿಸುತ್ತಲೇ ಇದ್ದರೆ ಗ್ಯಾಸ್ ಖರ್ಚು. ಒಂದು ಸಂಜೆ ಬೇರೆ ಕೆಲಸ ಬಂತು ಅಂತ ಪಾತ್ರೆಗೆ ಮುಚ್ಚಳ ಹಾಕಿ, ಎರಡು ಹಳೆ ಕಂಬಳಿ ಸುತ್ತಿ, ಹಾಗೇ ಬಿಟ್ಟು ಹೋದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಪಾತ್ರೆ ಇನ್ನೂ ಬೆಚ್ಚಗಿತ್ತು. ಮೇಲೆ ಬೆಣ್ಣೆ ಬಣ್ಣದ ಗಟ್ಟಿ ಚಕ್ಕೆ, ಮೂರು ಬೆರಳು ದಪ್ಪ. ಅಂಚಿಗೆ ಚಾಕು ಹಾಕಿ ಎತ್ತಿದೆ. ಕೆಳಗೆ ಕಷಾಯದ ಹಾಗೆ ಕಪ್ಪು ನೀರು. ಮೂಸಿ ನೋಡಿದರೆ ಎರಡು ವರ್ಷ ನಾನು ಓಡಿಸುವುದಕ್ಕೆ ಒದ್ದಾಡಿದ ವಾಸನೆಯೆಲ್ಲ ಆ ನೀರಲ್ಲಿತ್ತು. ಮೇಲಿನ ಚಕ್ಕೆಯಲ್ಲಿ ಸೋಪಿನ ವಾಸನೆ ಮಾತ್ರ. ಕೂಗಿ ಮನೆಯವರನ್ನೆಲ್ಲ ಕರೆದು ಮೂಸಿಸಿದೆ.

ನೀರು ಬಗ್ಗಿಸುವುದಕ್ಕೆ ಒಂದು ಉಪಾಯ ಮಾಡಿಕೊಂಡಿದ್ದೇನೆ. ಕಂಬಳಿ ಸುತ್ತುವ ಮೊದಲು ಪಾತ್ರೆಯ ಅಂಚಿಗೆ ಒಂದು ಸ್ಟೀಲ್ ಕೊಳವೆ ನಿಲ್ಲಿಸುತ್ತೇನೆ, ತಳ ಮುಟ್ಟುವ ಹಾಗೆ. ಬೆಳಿಗ್ಗೆ ಅದನ್ನು ತಿರುಗಿಸಿ ಎಳೆದರೆ ಚಕ್ಕೆಯಲ್ಲಿ ದುಂಡಗಿನ ತೂತು ಉಳಿಯುತ್ತದೆ. ಪಾತ್ರೆ ಬಗ್ಗಿಸಿದರೆ ಆಯಿತು, ಕಪ್ಪು ನೀರೆಲ್ಲ ಆ ತೂತಿನಿಂದ ಹೊರಗೆ.

ಇದನ್ನು ಎರಡನೇ ಸಲವೂ ಮಾಡಬೇಕು. ಚಕ್ಕೆಯನ್ನು ಹೊಸ ನೀರಲ್ಲಿ ಕರಗಿಸಿ ಮತ್ತೆ ಒಡೆಸುವುದು, ಈ ಸಲ ಒಡೆಯುವುದಕ್ಕೆ ಎಷ್ಟು ಬೇಕೋ ಅಷ್ಟೇ ಉಪ್ಪು. ಉಪ್ಪು ಜಾಸ್ತಿ ಉಳಿದರೆ ಬಿಲ್ಲೆ ಸೀಳುತ್ತದೆ. ತೀರಾ ಕಪ್ಪು ಎಣ್ಣೆಗೆ ಮೂರನೇ ಸಲವೂ ಬೇಕಾಗಿದೆ. ನಾಲ್ಕನೆಯದು ಮಾಡಿ ನೋಡಿದೆ, ವ್ಯತ್ಯಾಸ ಇಲ್ಲ.

ಇನ್ನು ನೊರೆಗೆ ಕೊಬ್ಬರಿ ಎಣ್ಣೆ. ಅದನ್ನು ಬೇರೆಯಾಗಿಯೇ ಸೋಪು ಮಾಡಿಟ್ಟುಕೊಂಡಿರುತ್ತೇನೆ. ಕಾಲು ಕೆಜಿ ಎಣ್ಣೆಗೆ ಕಾಸ್ಟಿಕ್ 45 ಗ್ರಾಂ ಹತ್ತಿರ. ತೊಳೆದ ಚಕ್ಕೆ ಕರಗುವಾಗ ಈ ಸೋಪನ್ನು ತುರಿದು ಅದರೊಳಗೆ ಹಾಕಿ, ಸ್ವಲ್ಪವೇ ನೀರಿನಲ್ಲಿ, ಸಣ್ಣ ಉರಿಯಲ್ಲಿ ಬೆರೆಸುವುದು. ಉಪ್ಪಿನ ಹತ್ತಿರ ಅದನ್ನು ಕರೆದುಕೊಂಡೇ ಹೋಗಲ್ಲ. ಗಡಸು ನೀರಿರುವವರಿಗೆ ಕೊಡುವ ಬಿಲ್ಲೆಗೆ ಸೋಡಿಯಂ ಸಿಟ್ರೇಟ್ ಎರಡು ಪರ್ಸೆಂಟ್. ನಾನು ಸಿಟ್ರಿಕ್ ಆಸಿಡ್‌ನಿಂದಲೇ ಮಾಡಿಕೊಳ್ಳುತ್ತೇನೆ, ಹತ್ತು ಗ್ರಾಂ ಆಸಿಡ್‌ಗೆ ಆರು ಗ್ರಾಂ ಚಿಲ್ಲರೆ ಕಾಸ್ಟಿಕ್. ಬಕೆಟ್ಟಿನ ಅಂಚಿಗೆ ಹತ್ತುವ ಬಿಳಿ ಜಿಡ್ಡು ಕಮ್ಮಿಯಾಗುತ್ತದೆ. ಕೊಬ್ಬರಿ ಸೋಪು ಬೆರೆಸುವ ಮೊದಲೇ ತೊಳೆದ ಚಕ್ಕೆಗೆ ನಾಲಿಗೆ ತುದಿ ಪರೀಕ್ಷೆ (ಕಾಸ್ಟಿಕ್ ಉಳಿದಿದೆಯಾ ಅಂತ ಚೂರು ಮುಟ್ಟಿಸಿ ನೋಡುವುದು) ತಪ್ಪಿಸಬೇಡಿ, ಚುರ್ ಅಂದರೆ ಇನ್ನೊಂದು ಸಲ ತೊಳೆಯಿರಿ. ಅಚ್ಚಿಗೆ ತುಂಬುವಾಗ ಗಾಳಿ ಹೋಗುವ ಹಾಗೆ ಒತ್ತುವುದರಲ್ಲೂ ಒಂದು ಕೈಚಳಕ ಇದೆ. ಅದು ಬರೆದು ತಿಳಿಸುವುದಲ್ಲ, ಎದುರು ನಿಂತು ತೋರಿಸಬೇಕು.

ಒಣಗುವುದಕ್ಕೆ ನಾಲ್ಕೈದು ವಾರ. ಪಾಮೋಲಿನ್‌ನಲ್ಲಿ ಕರಿದ ಎಣ್ಣೆ ಸಿಕ್ಕರೆ ಬಿಲ್ಲೆ ಬೇಗ ಗಟ್ಟಿಯಾಗುತ್ತದೆ, ಸೂರ್ಯಕಾಂತಿಯದು ಎರಡು ವಾರ ಜಾಸ್ತಿ ಬೇಡುತ್ತದೆ. ಒಂದು ಕೆಜಿ ಕರಿದ ಎಣ್ಣೆಗೆ ಕೊಬ್ಬರಿಯದೂ ಸೇರಿ ಒಣಗಿದ ಸೋಪು ಒಂದೂವರೆ ಕೆಜಿ ಆಸುಪಾಸು ಸಿಗುತ್ತದೆ. ಒಂಬತ್ತು ತಿಂಗಳ ಹಿಂದಿನ ಬಿಲ್ಲೆಗಳನ್ನು ಕಪಾಟಿನಲ್ಲಿ ಇಟ್ಟಿದ್ದೇನೆ. ಒಂದು ಚುಕ್ಕೆಯೂ ಎದ್ದಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ ಹೇಳುವುದು ಇಷ್ಟು. ನನ್ನ ಮೈಸೋಪಿನಲ್ಲಿ ಖರ್ಚಿನ ಮುಕ್ಕಾಲು ಪಾಲು ಎಣ್ಣೆ ಮತ್ತು ಪರಿಮಳ. ಇದರಲ್ಲಿ ಅವೆರಡೂ ಹತ್ತಿರ ಹತ್ತಿರ ಇಲ್ಲ, ಕೊಬ್ಬರಿ ಎಣ್ಣೆಯೊಂದು ಬಿಟ್ಟು. ದೊಡ್ಡ ಖರ್ಚು ಗ್ಯಾಸ್. ಕಂಬಳಿಗೆ ಬಂದ ಮೇಲೆ ಅದೂ ಅರ್ಧಕ್ಕೆ ಇಳಿಯಿತು. ಒಂದೊಂದು ಕೆಜಿ ಮಾಡುವುದು ಬಿಟ್ಟು ಐದೈದು ಕೆಜಿ ಮಾಡಿದರೆ ಇನ್ನೂ ಇಳಿಯುತ್ತದೆ. ಮಾರಿದ ದುಡ್ಡಿನಲ್ಲಿ ನೂರಕ್ಕೆ ಅರವತ್ತು ಕೈಯಲ್ಲಿ ಉಳಿಯುತ್ತದೆ, ನನ್ನ ಕೂಲಿ ಹಿಡಿಯದೆ. ಕೂಲಿ ಹಿಡಿದರೆ ಅಷ್ಟು ಇಲ್ಲ, ಅದನ್ನೂ ಹೇಳಿಬಿಡಬೇಕು. ಎರಡು ದಿನ ಪಾತ್ರೆಯ ಸುತ್ತ ಸುತ್ತಬೇಕಾಗುತ್ತದೆ. ಪರಿಮಳಕ್ಕೆ ಕಳೆದುಕೊಂಡ ದುಡ್ಡು ಏಳು ತಿಂಗಳಲ್ಲಿ ವಾಪಸ್ ಬಂತು.

ಕಪ್ಪು ನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ. ಉಪ್ಪು ಮತ್ತು ಕಾಸ್ಟಿಕ್ ಎರಡೂ ಇರುತ್ತವೆ. ನಾನು ಒಂದು ಸಲ ಅಂಗಳದ ಮೂಲೆಗೆ ಸುರಿದೆ, ಅಲ್ಲಿ ಈಗಲೂ ಹುಲ್ಲು ಹುಟ್ಟಿಲ್ಲ. ಅದರಿಂದ ಗ್ಲಿಸರಿನ್ ತೆಗೆಯಬಹುದಾ ಅಂತ ಎರಡು ಲೀಟರ್ ಕಾಯಿಸಿ ನೋಡಿದೆ. ಉಪ್ಪು ಕೂತು ಕೂತು ಪಾತ್ರೆಯ ತಳ ಹತ್ತಿತು, ಸಿಕ್ಕಿದ್ದು ಕಂದು ಜಿಗುಟು. ಮನೆಯಲ್ಲಿ ಆಗುವ ಕೆಲಸ ಅಲ್ಲ ಅದು.

ಈಗ ರಾಳದ ಪ್ರಯೋಗ ನಡೆಯುತ್ತಿದೆ. ಹಿಂದಿನ ಹಳದಿ ಬಟ್ಟೆ ಸೋಪುಗಳಲ್ಲಿ ರಾಳ ಇರುತ್ತಿತ್ತು, ನೊರೆ ಚೆನ್ನಾಗಿ ಕೊಡುತ್ತದೆ. ಮೊದಲ ಸಲ ಬಿಸಿ ಎಣ್ಣೆಯಲ್ಲೇ ಕರಗಿಸಿ ಲೈ ಹಾಕಿದೆ, ಅರ್ಧ ನಿಮಿಷಕ್ಕೆ ಕಲ್ಲಾಗಿ ಬ್ಲೆಂಡರ್ ಸಿಕ್ಕಿಹಾಕಿಕೊಂಡಿತು. ಎರಡನೇ ಸಲ ತೊಳೆದ ಚಕ್ಕೆಗೆ, ಕೊನೆಯಲ್ಲಿ, ಹತ್ತು ಪರ್ಸೆಂಟ್ ರಾಳವನ್ನು ಅದಕ್ಕೆ ಬೇಕಾದ ಕಾಸ್ಟಿಕ್‌ನಲ್ಲಿ ಮೊದಲೇ ಬೇಯಿಸಿ ಸೇರಿಸಿದೆ. ಆ ಬಿಲ್ಲೆಗಳು ಕಿಟಕಿ ಹತ್ತಿರದ ತಟ್ಟೆಯಲ್ಲಿ ಒಣಗುತ್ತಿವೆ, ಮೂರು ವಾರ ಆಯಿತು. ಬಣ್ಣ ಜೇನಿನ ಹಾಗಿದೆ, ಬೆರಳಲ್ಲಿ ಒತ್ತಿದರೆ ಇನ್ನೂ ಸ್ವಲ್ಪ ಮೆತ್ತಗೆ.