ಮೊದಲು ಮೆಟ್ಟಿಲು, ಆಮೇಲೆ ಸೇತುವೆ

ಮಾಡೆಲ್ ರೈಲಿಗೆ ಕಾಲುಸೇತುವೆ ಕಟ್ಟುವವರು ಹಳಿಯ ಮೇಲಿನ ಅಡ್ಡ ಭಾಗವನ್ನು ಮೊದಲು ಚೆಂದಾಗಿ ಮಾಡಿಬಿಡುತ್ತಾರೆ. ಆಮೇಲೆ ಉಳಿದ ಜಾಗದಲ್ಲಿ ಮೆಟ್ಟಿಲು ತುರುಕುತ್ತಾರೆ. ಅದು ಅಟ್ಟದ ಏಣಿಯಂತೆ ಕಾಣುತ್ತದೆ. ನನ್ನ ಮೊದಲ ಸೇತುವೆಯೂ ಹಾಗೇ ಕೆಟ್ಟಿತ್ತು.

1. ಲೆಕ್ಕ. ನಿಜವಾದ ಮೆಟ್ಟಿಲು ಸುಮಾರು 17.5 ಸೆಂ.ಮೀ. ಎತ್ತರ, ಕಾಲಿಡುವ ಜಾಗ 26 ಸೆಂ.ಮೀ. ಅಗಲ. ಎಚ್‌ಓ ಅಳತೆಯಲ್ಲಿ, ಅಂದರೆ 1:87ರಲ್ಲಿ (ನಿಜದ ಗಾತ್ರದ 87ರಲ್ಲಿ ಒಂದು ಪಾಲು), ಅದು 2 ಮತ್ತು 3 ಮಿ.ಮೀ. ಆಗುತ್ತದೆ. ಪ್ಲಾಟ್‌ಫಾರ್ಮಿನಿಂದ 64 ಮಿ.ಮೀ. ಏರಬೇಕಾದರೆ 32 ಮೆಟ್ಟಿಲು ಬೇಕು. ನಡುವೆ ನಿಲ್ಲಲು ಒಂದು ಸಮತಟ್ಟಾದ ಕಟ್ಟೆ ಸೇರಿ ಸುಮಾರು 11 ಸೆಂ.ಮೀ. ಉದ್ದದ ಜಾಗ ಹಿಡಿಯುತ್ತದೆ. ಅಷ್ಟು ಜಾಗ ಇಲ್ವಾ? ಕಟ್ಟೆಯ ಹತ್ತಿರ ಮೆಟ್ಟಿಲನ್ನು ತಿರುಗಿಸಿ. ಕಡಿದಾಗಿ ಮಾತ್ರ ಮಾಡಬೇಡಿ.

2. ಮೆಟ್ಟಿಲು. 2 ಮಿ.ಮೀ. ದಪ್ಪದ ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆಯಿಂದ 5 ಮಿ.ಮೀ. ಅಗಲದ ಪಟ್ಟಿಗಳನ್ನು ಕತ್ತರಿಸಿ. ಒಂದರ ಮೇಲೊಂದು ಇಡುತ್ತಾ ಹೋಗಿ. ಪ್ರತಿ ಪಟ್ಟಿಯೂ 3 ಮಿ.ಮೀ. ಹಿಂದೆ ಸರಿಯಬೇಕು. ಕಣ್ಣಳತೆ ನಂಬಬೇಡಿ. 3 ಮಿ.ಮೀ. ಅಗಲದ ಒಂದು ತುಂಡನ್ನು ಕೆಳಗಿನ ಪಟ್ಟಿಯ ಮುಂದಿನ ಅಂಚಿಗೆ ಸರಿಯಾಗಿ ಇಟ್ಟು, ಮೇಲಿನದನ್ನು ಅದಕ್ಕೆ ತಾಗಿಸಿ ಅಂಟಿಸಿ, ತುಂಡನ್ನು ತೆಗೆಯಿರಿ. ಐದೈದು ಮೆಟ್ಟಿಲಿಗೊಮ್ಮೆ ಎತ್ತರ ಅಳೆಯಿರಿ. ಒಂದೊಂದರಲ್ಲಿ 0.1 ಮಿ.ಮೀ. ತಪ್ಪಿದರೂ ಮೇಲೆ ಮುಟ್ಟುವಾಗ 3.2 ಮಿ.ಮೀ. ಆಗಿರುತ್ತದೆ, ಅಂದರೆ ಒಂದೂವರೆ ಮೆಟ್ಟಿಲು! ತೆಳು ಪ್ಲಾಸ್ಟಿಕ್ ಸಿಮೆಂಟನ್ನು ಸಣ್ಣ ಬ್ರಷ್‌ನಿಂದ ಸಂದಿಗೆ ಮುಟ್ಟಿಸಿದರೆ ಸಾಕು, ತಾನೇ ಒಳಗೆ ಹರಿಯುತ್ತದೆ. ಜಾಸ್ತಿಯಾದರೆ ಪ್ಲಾಸ್ಟಿಕ್ ಮೆತ್ತಗಾಗಿ ಇಡೀ ಸಾಲು ಬಾಗುತ್ತದೆ. ಸೂಪರ್ ಗ್ಲೂ ಬೇಡವೇ ಬೇಡ, ಅಕ್ಕಪಕ್ಕ ಬೆಳ್ಳಗೆ ಮಂಜು ಕಟ್ಟುತ್ತದೆ. ಒಂದು ರಾತ್ರಿ ಒಣಗಲು ಬಿಟ್ಟು ಆಮೇಲೆ ಪಕ್ಕದ ಹಲಗೆ ಅಂಟಿಸಿ.

3. ಅಡ್ಡ ಭಾಗ. ಇದಕ್ಕೆ ಸುಮ್ನೆ ಕಷ್ಟಪಡಬೇಡಿ. ಹಳೆಯ ಗರ್ಡರ್ (ತೊಲೆ) ಸೇತುವೆ ಕಿಟ್‌ನ ಪಕ್ಕದ ತುಂಡುಗಳು ಸಾಕು. ಜೋಡಣೆಯ ಗೆರೆಯನ್ನು ಕಂಬದ ಹಿಂದೆ ಅಡಗಿಸಿ.

4. ಕಟಕಟೆ, ಅಂದರೆ ಅಂಚಿನ ತಡೆಬೇಲಿ. ಎತ್ತರ ಸುಮಾರು 12.5 ಮಿ.ಮೀ. ಇರಲಿ. 1:76 ಅಳತೆಯ ಗೊಂಬೆಗಳಿದ್ದರೆ 14.5 ಬೇಕು, ಎಚ್‌ಓ ಕಿಟ್‌ನದ್ದು ಕುಳ್ಳಾಗುತ್ತದೆ. 3 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಕತ್ತರಿಸಿದ ಅಗ್ಗದ ಕಟಕಟೆ ಕೊಳ್ಳಬೇಡಿ. ನಿಜದ ಲೆಕ್ಕದಲ್ಲಿ ಅದು 26 ಸೆಂ.ಮೀ. ದಪ್ಪ. ಕಟಕಟೆಯಲ್ಲ, ಕಾಂಪೌಂಡ್ ಗೋಡೆ.

5. ಬಣ್ಣ. ಮ್ಯಾಟ್ ಬಣ್ಣ, ಎರಡು ತೆಳು ಪದರ.

6. ನಿಲ್ಲಿಸುವುದು. ಕಂಬ ಅಂಟಿಸುವ ಮುನ್ನ ನಿಮ್ಮಲ್ಲಿರುವ ಅತಿ ಎತ್ತರದ ಮತ್ತು ಅತಿ ಉದ್ದದ ಬೋಗಿಗಳನ್ನು ಕೈಯಲ್ಲೇ ತಳ್ಳಿ ನೋಡಿ. ತಿರುವಿನಲ್ಲಿ ಬೋಗಿಯ ಹೊಟ್ಟೆ ಒಳಕ್ಕೆ, ತುದಿಗಳು ಹೊರಕ್ಕೆ ಚಾಚುತ್ತವೆ. ಕಂಬಕ್ಕೆ ತಾಗಿದರೆ ಕಂಬ ಸರಿಸಿ.