ಉರಿ ತಾನಾಗಿ ಆರುತ್ತಾ? ಮೇಕಪ್ ಏರ್ ಹೀಟರ್ ಕೂರಿಸಿದ ನನ್ನ ಅನುಭವ

ಆ ದೊಡ್ಡ ಅಡುಗೆಮನೆಯ ಬಾಗಿಲು ಒಂದು ಕೈಯಲ್ಲಿ ಎಳೆದರೆ ಬರಲೇ ಇಲ್ಲ. ಎರಡೂ ಕೈ ಹಾಕಿ ಎಳೆದಾಗ ಬುಸ್ ಅಂತ ಗಾಳಿ ಒಳಗೆ ನುಗ್ಗಿತು. ಒಲೆಗಳ ಮೇಲಿನ ಹುಡ್ (ಹೊಗೆ ಹಿಡಿಯುವ ತಗಡಿನ ಗೂಡು) ಫ್ಯಾನ್‌ಗಳು ಗಾಳಿಯನ್ನು ಹೊರಗೆ ಎಳೆಯುತ್ತಲೇ ಇದ್ದವು. ಒಳಗೆ ಬರಲು ಗಾಳಿಗೆ ದಾರಿಯೇ ಇರಲಿಲ್ಲ. ಮೂಲೆಯಲ್ಲಿದ್ದ ಗ್ಯಾಸ್ ಗೀಸರ್‌ನ ಹೊಗೆ ಕೊಳವೆಯ ಬುಡಕ್ಕೆ ಕೈ ಹಿಡಿದೆ. ಮೇಲೆ ಹೋಗಬೇಕಾದ ಬಿಸಿ ಹೊಗೆ ಕೆಳಗೆ ಇಳಿದು ಅಂಗೈಗೆ ತಾಗಿತು. ಅದರ ಜೊತೆ ಕಾರ್ಬನ್ ಮಾನಾಕ್ಸೈಡ್ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೆ ವಾಸನೆಯೇ ಇಲ್ಲ ಅಲ್ವಾ? ಮೊದಲು ಗೀಸರ್ ಆರಿಸಿದೆ. ಹುಡ್ ಎಳೆದ ಗಾಳಿಯ ಬದಲಿಗೆ ಹೊರಗಿನ ಗಾಳಿಯನ್ನು ಬಿಸಿ ಮಾಡಿ ಒಳಗೆ ಕೊಡುವ ಯಂತ್ರವೇ ಮೇಕಪ್ ಏರ್ ಹೀಟರ್. ಆಮೇಲೆ ಅದರ ಲೆಕ್ಕಕ್ಕೆ ಕೂತೆ.

ಹುಡ್‌ಗಳು ಸೆಕೆಂಡಿಗೆ 2.5 ಘನ ಮೀಟರ್ ಗಾಳಿ ಎಳೆಯುತ್ತಿದ್ದವು. ಅದರಲ್ಲಿ ಶೇಕಡಾ 80, ಅಂದರೆ 2 ಘನ ಮೀಟರ್, ಹೀಟರ್‌ನಿಂದ ಕೊಡೋಣ ಅಂದುಕೊಂಡೆ. ಉಳಿದದ್ದು ಪಕ್ಕದ ಊಟದ ಹಾಲ್‌ನಿಂದ ಬಂದರೆ ಅಡುಗೆಯ ವಾಸನೆ ಆ ಕಡೆ ಹೋಗುವುದಿಲ್ಲ. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.2 ಕಿಲೋಜೂಲ್ ಬೇಕು. 25 ಡಿಗ್ರಿ ಏರಿಸಬೇಕಿತ್ತು. ಅಲ್ಲಿಗೆ 60 ಕಿಲೋವ್ಯಾಟ್ ಆಯಿತು.

ತಂದದ್ದು ಡೈರೆಕ್ಟ್ ಫೈರ್ಡ್ ಹೀಟರ್. ಅದರಲ್ಲಿ ಉರಿ ಗಾಳಿಯ ಹಾದಿಯಲ್ಲೇ ಇರುತ್ತದೆ, ಚಿಮಣಿ ಇರುವುದಿಲ್ಲ. ಸುಟ್ಟದ್ದೆಲ್ಲ ಗಾಳಿಯ ಜೊತೆಗೇ ಒಳಗೆ ಬರುತ್ತದೆ. ಹಾಗಾಗಿ ಜನ ಮಲಗುವ ಜಾಗಕ್ಕೆ ಇದನ್ನು ಹಾಕುವಂತಿಲ್ಲ. ಬರ್ನರ್ ಮೇಲೆ ಹಾಯುವ ಗಾಳಿಯ ವೇಗವೂ ಸರಿಯಾಗಿರಬೇಕು. ತಪ್ಪಿದರೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ. ನಕ್ಷೆಯಲ್ಲಿ ಹೀಟರ್ ಗಾಳಿ ಎಳೆದುಕೊಳ್ಳುವ ಬಾಯಿ ಹುಡ್‌ನ ಹೊಗೆ ಹೊರಬೀಳುವ ಜಾಗದ ಪಕ್ಕದಲ್ಲೇ ಇತ್ತು. ನಾನು ಒಪ್ಪಲಿಲ್ಲ. ಹೊರಗೆ ಹಾಕಿದ ಹೊಗೆಯನ್ನೇ ಮತ್ತೆ ಒಳಗೆ ಎಳೆದುಕೊಂಡ ಹಾಗಾಗುತ್ತದೆ. ಮೂರು ಮೀಟರ್‌ಗಿಂತ ಜಾಸ್ತಿ ದೂರಕ್ಕೆ ಸರಿಸಿದೆವು.

ಗ್ಯಾಸ್ ಪೈಪ್ ಕೆಲಸ ಪರವಾನಗಿ ಇದ್ದವರೇ ಮಾಡಬೇಕು, ಇದರಲ್ಲಿ ರಾಜಿ ಇಲ್ಲ. ಹೀಟರ್‌ಗೆ ಸೇರುವ ಮುಂಚೆ ಕೈಯಲ್ಲಿ ತಿರುಗಿಸುವ ಕಾಕ್, ಅದರ ನಂತರ ಕಸ ಇಳಿಯಲು ತುದಿ ಮುಚ್ಚಿದ 75 ಮಿಲಿಮೀಟರ್ ಉದ್ದದ ಕುರುಡು ಕೊಳವೆ ಹಾಕಿದೆ. ಪೈಪ್‌ಗೆ ಒತ್ತಡ ಕೊಟ್ಟು ಪರೀಕ್ಷಿಸುವಾಗ ಹೀಟರನ್ನು ಪೂರ್ತಿ ಬಿಚ್ಚಿಟ್ಟೆ. ಅರ್ಧ ಪಿಎಸ್ಐ (ಒತ್ತಡದ ಅಳತೆ) ದಾಟುವ ಒತ್ತಡಕ್ಕೆ ಅದರ ವಾಲ್ವ್‌ಗಳು ಕೆಡುತ್ತವೆ. ಹೀಟರ್ ಸೇರಿಸಿ ಗ್ಯಾಸ್ ಬಿಟ್ಟ ಮೇಲೆ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿದೆ. ಒಂದು ಯೂನಿಯನ್ (ಬಿಚ್ಚಿ ಜೋಡಿಸಬಹುದಾದ ಪೈಪ್ ಜೋಡಣೆ) ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದಿತು, ಒಡೆಯಿತು, ಮತ್ತೆ ಎದ್ದಿತು. ಬಿಗಿ ಮಾಡಿದರೂ ನಿಲ್ಲಲಿಲ್ಲ. ಗ್ಯಾಸ್ ಮುಚ್ಚಿ ಬಿಚ್ಚಿ ನೋಡಿದರೆ ಒಳಮುಖದಲ್ಲಿ ಕೂದಲೆಳೆಯಂಥ ಗೀರು. ಹೊಸದು ಹಾಕಿದೆ.

ಗ್ಯಾಸ್ ಒತ್ತಡ ಅಳೆಯುವಾಗ ಅಡುಗೆಮನೆಯ ಎಲ್ಲ ಒಲೆಗಳನ್ನೂ ಜೋರಾಗಿ ಹಚ್ಚಿಸಿದೆ. ಒಲೆ ಆರಿದ್ದಾಗ ಒತ್ತಡ ಸುಮ್ನೆ ಚೆನ್ನಾಗಿ ಕಾಣುತ್ತದೆ, ಕೆಲಸದ ಹೊತ್ತಿಗೆ ಕುಸಿಯುತ್ತದೆ.

ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಉರಿ ಹೊತ್ತಿಸುವುದರಲ್ಲಿ ಅಲ್ಲ, ಅದನ್ನು ಮತ್ತೆ ಮತ್ತೆ ಆರಿಸುವುದರಲ್ಲಿ. ಹಿಂದೆ ಒಂದು ಕಡೆ ರಿಪೇರಿಗೆ ಹೋದಾಗ ಗಾಳಿ ಸಾಲದಿದ್ದರೆ ಗ್ಯಾಸ್ ಕಡಿಯುವ ಗಾಳಿ ಸ್ವಿಚ್‌ನ ಎರಡು ಟರ್ಮಿನಲ್ ನಡುವೆ ಬೆರಳುದ್ದದ ಕೆಂಪು ವೈರ್ ಕಂಡಿತ್ತು. ಹೀಟರ್ ಪದೇ ಪದೇ ನಿಲ್ಲುತ್ತದೆ ಅಂತ ಯಾರೋ ಸ್ವಿಚ್ಚನ್ನೇ ದಾಟಿಸಿದ್ದರು. ಫ್ಯಾನ್ ಬೆಲ್ಟ್ ಸಡಿಲವಾಗಿತ್ತು, ಅಷ್ಟೇ. ಗಾಳಿ ಇಲ್ಲದೆ ಉರಿದು ಬರ್ನರ್ ಪಕ್ಕದ ತಗಡು ನೀಲಿಗಟ್ಟಿತ್ತು. ಆ ವೈರ್ ಇನ್ನೂ ನನ್ನ ಟೂಲ್ ಬಾಕ್ಸಿನಲ್ಲಿದೆ.

ಹಾಗಾಗಿ ಇಲ್ಲಿ ಒಂದೊಂದನ್ನೂ ಬೇಕೆಂದೇ ಕೆಡಿಸಿ ನೋಡಿದೆ. ಹುಡ್ ಫ್ಯಾನ್ ನಿಲ್ಲಿಸಿದೆ, ಹೀಟರ್ ನಿಂತಿತು. ಫಿಲ್ಟರ್‌ಗೆ ರಟ್ಟು ಅಡ್ಡ ಇಟ್ಟೆ, ಗಾಳಿ ಸ್ವಿಚ್ ಗ್ಯಾಸ್ ಕಡಿಯಿತು. ಬಿಸಿ ಮಿತಿ ಮೀರಿದರೆ ಉರಿ ಆರಿಸುವ ಹೈ ಲಿಮಿಟ್ ಸ್ವಿಚ್‌ನ ವೈರ್ ಕಳಚಿದೆ, ಆಗಲೂ ಆರಿತು. ಉರಿಯುತ್ತಿರುವಾಗಲೇ ಗ್ಯಾಸ್ ಕಾಕ್ ಮುಚ್ಚಿದೆ. ಕೆಲವೇ ಸೆಕೆಂಡಿನಲ್ಲಿ ವಾಲ್ವ್‌ಗಳು ಟಕ್ ಅಂದವು, ಹೀಟರ್ ಬೀಗ ಹಾಕಿಕೊಂಡಿದೆ ಅಂತ ಹೇಳುವ ಲಾಕೌಟ್ ದೀಪ ಬಂತು. ಮತ್ತೆ ಕಾಕ್ ತೆರೆದರೂ ತಾನಾಗಿ ಹೊತ್ತಲಿಲ್ಲ. ಹಾಗೇ ಇರಬೇಕು. ಕೊನೆಗೆ ಎಲ್ಲ ಫ್ಯಾನ್ ಓಡಿಸಿ, ಒಳಗೆ ಬರುವ ಗಾಳಿಯಲ್ಲೂ ಗೀಸರ್ ಹತ್ತಿರವೂ ಮೀಟರ್ ಹಿಡಿದು ಕಾರ್ಬನ್ ಮಾನಾಕ್ಸೈಡ್ ನೋಡಿದೆ. ಗೀಸರ್ ಹೊಗೆ ಮೇಲೆ ಹೋಗುವುದನ್ನು ಕಂಡ ಮೇಲಷ್ಟೇ ಅದನ್ನು ಬಳಸಲು ಬಿಟ್ಟೆ.

ಗ್ಯಾಸ್ ಒತ್ತಡ, ಉರಿ ಇದೆ ಅಂತ ತಿಳಿಸುವ ಸಿಗ್ನಲ್, ತಾರೀಕು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದೆ. ಆಮೇಲೆ ಹೀಟರ್ ನೋಡಿಕೊಳ್ಳುವವರನ್ನು ಕರೆದು, ಕಾಕ್ ಪರೀಕ್ಷೆಯನ್ನು ಅವರ ಕೈಯಲ್ಲೇ ಎರಡು ಸಲ ಮಾಡಿಸಿದೆ.